ಭವನ ಕಟ್ಟುವವರು, ಬೀಗ ತೆಗೆಯುವವರು

ಕಳೆದ ವರ್ಷದ ಕೊನೆಯಲ್ಲಿ ಮನೆಗೆ ಒಂದು ದಪ್ಪ ಲಕೋಟೆ ಬಂತು. ನಾಲ್ಕು ದಶಕಗಳ ಹಿಂದೆ ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘ ಕಳುಹಿಸಿದ್ದು. ಕ್ಯಾಂಪಸ್ಸಿನೊಳಗೆ ನಾಲ್ಕು ಕೋಟಿ ರೂಪಾಯಿ ವೆಚ್ಚದಲ್ಲಿ ‘ಹಳೆಯ ವಿದ್ಯಾರ್ಥಿಗಳ ಭವನ’ ಕಟ್ಟುವ ಸಂಕಲ್ಪ. ಹಣವೆಲ್ಲ ದಾನಿಗಳದು, ಜಾಗ ವಿಶ್ವವಿದ್ಯಾಲಯದ್ದು. ಜೊತೆಯಲ್ಲಿ ನಕ್ಷೆ, ಬಣ್ಣದ ಚಿತ್ರ, ಮತ್ತೊಂದು ದರಪಟ್ಟಿ. ಇಷ್ಟು ಲಕ್ಷ ಕೊಟ್ಟರೆ ಸಭಾಂಗಣಕ್ಕೆ ಹೆಸರು, ಇಷ್ಟು ಕೊಟ್ಟರೆ ತಂಗುವ ಕೊಠಡಿಗೆ, ಇನ್ನಿಷ್ಟು ಕೊಟ್ಟರೆ ಅಂಗಳದ ಕಲ್ಲುಬೆಂಚಿಗೆ. ಊರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿ ಅದರ ಬೆಳಕನ್ನೇ ಅರ್ಧಮಾಡುವ ನಮ್ಮ ಪದ್ಧತಿ ನೆನಪಾಗಿ ಸ್ವಲ್ಪ ನಗು ಬಂತು. ಆದರೂ ನಕ್ಷೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತೆ. ನಮ್ಮ ವಿಭಾಗದ ಎದುರಿನ ಮಳೆಮರ, ಅದರ ಪಕ್ಕದ ರಸ್ತೆ ಅದರಲ್ಲಿ ಚಿಕ್ಕ ಗೆರೆಗಳಾಗಿ ಮೂಡಿದ್ದವು.

ಲಕೋಟೆಯೊಳಗೆ ಒಂದು ಕೋರಿಕೆಯೂ ಇತ್ತು. ಸರ್ಕಾರದಲ್ಲಿ ಹಣಕಾಸಿನ ಕಡತಗಳನ್ನು ನೋಡಿದ ಅನುಭವವಿರುವುದರಿಂದ ಭವನ ಸಮಿತಿಯಲ್ಲಿ ನಾನಿರಬೇಕಂತೆ. ಒಪ್ಪಿಕೊಂಡೆ. ಹಳೆಯ ಅಭ್ಯಾಸದಂತೆ ಅಂದಾಜುಪಟ್ಟಿಯ ಕೊನೆಯ ಪುಟವನ್ನು ಮೊದಲು ತೆರೆದೆ. ತಳಪಾಯ, ಗೋಡೆ, ಗ್ರಾನೈಟ್, ಹವಾನಿಯಂತ್ರಣ, ಪ್ರವೇಶದ್ವಾರದ ದಾನಿಗಳ ಫಲಕ, ಎಲ್ಲಕ್ಕೂ ಮೊತ್ತವಿತ್ತು. ‘ನಿರ್ವಹಣೆ’ ಎಂಬ ಸಾಲಿನ ಮುಂದೆ ಮೊತ್ತವಿರಲಿಲ್ಲ. ‘ವಿಶ್ವವಿದ್ಯಾಲಯದಿಂದ’ ಎಂಬ ಒಂದೇ ಪದವಿತ್ತು.

ಆ ಒಂದು ಪದ ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ. ಅದೇ ಕ್ಯಾಂಪಸ್ಸಿನ ಇನ್ನೊಂದು ಮೂಲೆಯಲ್ಲಿ, ಹಿಂದೊಮ್ಮೆ ಉದಾರಿಯೊಬ್ಬರು ವಿದ್ಯಾರ್ಥಿಗಳ ವಿಶ್ರಾಂತಿಗೆಂದು ಕಟ್ಟಿಸಿಕೊಟ್ಟ ಕಟ್ಟಡವಿದೆ. ಉದ್ಘಾಟನೆಯ ಅಮೃತಶಿಲೆ ಇನ್ನೂ ಹೊಳೆಯುತ್ತಿದೆ. ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಹಳೆಯ ಉತ್ತರಪತ್ರಿಕೆಗಳ ಮೂಟೆಗಳು. ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಿದೆ. ಮೂರು ಮಂದಿ ಮೂರು ವಿಭಾಗಗಳ ಹೆಸರು ಹೇಳಿದರು.

ಇದರಲ್ಲಿ ಆಶ್ಚರ್ಯಪಡುವ ಅಧಿಕಾರ ನನಗಿಲ್ಲ. ಬಹುಕಾಲ ನಮ್ಮ ಆಯವ್ಯಯ ಪತ್ರಗಳು ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂದು ಎರಡು ಹೋಳಾಗಿದ್ದವು. ಹೊಸದಾಗಿ ಕಟ್ಟುವುದು ಯೋಜನೆ. ಕಟ್ಟಿದ್ದನ್ನು ಗುಡಿಸಿ, ಸುಣ್ಣ ಹೊಡೆಸಿ, ಕಾವಲುಗಾರನಿಗೆ ಸಂಬಳ ಕೊಡುವುದು ಯೋಜನೇತರ. ಮೊದಲನೆಯದು ಪುಣ್ಯದ ಕೆಲಸ, ಎರಡನೆಯದು ದುಂದು ಎಂಬ ಭಾವನೆ ಕಚೇರಿಗಳಲ್ಲಿ ಬೇರೂರಿತ್ತು. ಕೇಂದ್ರ ಸರ್ಕಾರ 2017–18ರ ಬಜೆಟ್‌ನಿಂದ ಆ ವಿಂಗಡಣೆಯನ್ನು ಕೈಬಿಟ್ಟಿತು. ಮನಸ್ಸಿನೊಳಗಿನ ವಿಂಗಡಣೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕಟ್ಟಡಕ್ಕೆ ಹಣ ಮಂಜೂರು ಮಾಡಿಸಿ, ಮುಂದಿನ ವರ್ಷ ಅದೇ ಕಟ್ಟಡದ ಜವಾನನ ಹುದ್ದೆಯ ಕಡತವನ್ನು ‘ಮಿತವ್ಯಯದ ದೃಷ್ಟಿಯಿಂದ ಪರಿಶೀಲಿಸಲಾಗದು’ ಎಂದು ಬರೆದು ಹಿಂದಿರುಗಿಸಿದವರಲ್ಲಿ ನಾನೂ ಒಬ್ಬ. ಆಗ ಅದು ಕರ್ತವ್ಯವೆಂದೇ ತೋರಿತ್ತು.

ಹಳೆಯ ವಿದ್ಯಾರ್ಥಿಗಳ ಭವನವೆಂಬ ಕಲ್ಪನೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದವರು ಅಮೆರಿಕನ್ನರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ 2001ರಲ್ಲಿ ಬಾಗಿಲು ತೆರೆದ ಅಂಥ ಭವನಕ್ಕೆ, ಅದನ್ನು ಸಾಧ್ಯವಾಗಿಸಿದ ಹಳೆಯ ವಿದ್ಯಾರ್ಥಿ ಜಾನ್ ಅರಿಯಾಗಾ ತೀರಿಹೋದ ತಮ್ಮ ಪತ್ನಿ ಫ್ರಾನ್ಸಿಸ್‌ ಹೆಸರಿಟ್ಟರು. ನಾನು ಕಣ್ಣಾರೆ ನೋಡಿದ್ದು ಮಿನೆಸೋಟ ವಿಶ್ವವಿದ್ಯಾಲಯದ ಭವನವನ್ನು. ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹೊರಗಿನ ಚಳಿಗೆ ಹೆದರಿ ಒಳಗೆ ಹೊಕ್ಕವನು ಎರಡು ಗಂಟೆ ಅಲ್ಲೇ ಉಳಿದೆ.

ಹೊರಗಿನಿಂದ ಅದು ನೆಲದಿಂದ ಎದ್ದ ಕಲ್ಲುಬಂಡೆಯಂತಿದೆ. 2000ದಲ್ಲಿ ಆರಂಭವಾದ ಈ ಭವನಕ್ಕೆ ಮುಖ್ಯ ದಾನಿಯಾದ ರಿಚರ್ಡ್ ಮೆಕ್‌ನಮಾರ ಅವರ ಹೆಸರಿದೆ. 1950ರ ದಶಕದಲ್ಲಿ ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಹಿಂದೆ ಅದೇ ಜಾಗದಲ್ಲಿ ಒಂದು ಕ್ರೀಡಾಂಗಣವಿತ್ತು. ಮೊದಲ ಮಹಾಯುದ್ಧದ ಸ್ಮಾರಕವಾಗಿ 1924ರಲ್ಲಿ ಎದ್ದದ್ದು, 1992ರಲ್ಲಿ ನೆಲಸಮವಾಯಿತು. ಕೆಡವುವಾಗ ಅದರ ಮಹಾದ್ವಾರದ ಇಟ್ಟಿಗೆಯ ಕಮಾನನ್ನು ಉಳಿಸಿಟ್ಟುಕೊಂಡಿದ್ದರು. ಹೊಸ ಭವನದ ಒಳಗೆ ಆ ಕಮಾನನ್ನು ಮತ್ತೆ ನಿಲ್ಲಿಸಿದ್ದಾರೆ. ಮನೆ ಕೆಡವಿದವರು ಹಳೆಯ ಹೊಸ್ತಿಲನ್ನು ಹೊಸ ಮನೆಗೆ ಕೂಡಿಸಿಕೊಳ್ಳುವುದಿಲ್ಲವೇ, ಹಾಗೆ. ಅದರ ಕೆಳಗೆ ಒಬ್ಬ ವೃದ್ಧರು ಮೊಮ್ಮಗನಿಗೆ ಏನನ್ನೋ ತೋರಿಸುತ್ತಾ ನಿಂತಿದ್ದರು.

ಆದರೆ ನನ್ನಂಥವನ ಆಸಕ್ತಿ ಕಮಾನಿಗಿಂತ ಲೆಕ್ಕದ ಕಡೆಗೆ ಹೆಚ್ಚು. ಭವನವನ್ನು ಕಟ್ಟಿಸಿದ್ದು ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗವಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ, ದೇಣಿಗೆ ಸಂಗ್ರಹಿಸುವ ಪ್ರತಿಷ್ಠಾನ ಮತ್ತು ವೈದ್ಯಕೀಯ ಪ್ರತಿಷ್ಠಾನ, ಈ ಮೂರೂ ಕೂಡಿ ಲಾಭೋದ್ದೇಶವಿಲ್ಲದ ಕಂಪನಿಯೊಂದನ್ನು ಸ್ಥಾಪಿಸಿ ಅದರ ಮೂಲಕ ಕಟ್ಟಿಸಿದವು. ಒಳಗೆ ಕಚೇರಿಗಳಿವೆ, ಅವು ಬಾಡಿಗೆ ತರುತ್ತವೆ. ಸಭಾಂಗಣಗಳು ಮದುವೆಗೆ, ಸಮ್ಮೇಳನಕ್ಕೆ ಬಾಡಿಗೆಗೆ ಸಿಗುತ್ತವೆ. ಎಂದರೆ ಶಿಲಾನ್ಯಾಸಕ್ಕೆ ಮುಂಚೆಯೇ ಯಾರೋ ಕುಳಿತು, ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂದು ಯೋಚಿಸಿದ್ದರು. ಇಷ್ಟನ್ನು ಮೆಚ್ಚಿಕೊಂಡು ಹೊರಬಂದೆ. ಆದರೆ ಏನೋ ಕೊರತೆಯೂ ತೋರಿತು. ನಾನಿದ್ದಷ್ಟು ಹೊತ್ತು ಅಲ್ಲಿ ಕಂಡವರಲ್ಲಿ ಹೆಚ್ಚಿನವರು ಕೋಟು ಧರಿಸಿ ಸಭೆಗೆ ಬಂದವರು. ಪುಸ್ತಕದ ಚೀಲ ಹೊತ್ತ ಹುಡುಗರು ಪಕ್ಕದ ರಸ್ತೆಯಲ್ಲಿ ಮೈ ಮುದುಡಿಕೊಂಡು ನಡೆದುಹೋಗುತ್ತಿದ್ದರು. ಒಂದು ಮಧ್ಯಾಹ್ನದ ನೋಟದಿಂದ ತೀರ್ಪು ಕೊಡುವುದು ಸರಿಯಲ್ಲ, ನಿಜ.

ಆ ಕೊರತೆ ಏನೆಂಬುದು ನನಗೆ ಸ್ಪಷ್ಟವಾದದ್ದು ಇನ್ನೊಂದು ಕಟ್ಟಡದ ಕಥೆಯಿಂದ. ಅದನ್ನು ನಾನು ನೋಡಿಲ್ಲ. ಶ್ರೀನಿಕೇತನದ ಬಗ್ಗೆ, ರವೀಂದ್ರನಾಥ ಠಾಕೂರರ ಗ್ರಾಮ ಪುನರುಜ್ಜೀವನದ ಪ್ರಯೋಗದ ಬಗ್ಗೆ ಓದುತ್ತಿದ್ದಾಗ ದಾರಿ ತಪ್ಪಿ ಸಿಕ್ಕ ಕಥೆಯಿದು.

ವಿಲ್ಲರ್ಡ್ ಸ್ಟ್ರೇಟ್ ಎಂಬಾತ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿ 1901ರಲ್ಲಿ ಪದವಿ ಪಡೆದವನು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡಿದ್ದ. ಚೀನಾದಲ್ಲಿ ದುಡಿದ, ಬ್ಯಾಂಕರುಗಳ ಪ್ರತಿನಿಧಿಯಾದ, ಆಗರ್ಭ ಶ್ರೀಮಂತ ಮನೆತನದ ಡೊರೊಥಿ ವಿಟ್ನಿಯನ್ನು ಮದುವೆಯಾದ. 1918ರ ಡಿಸೆಂಬರಿನಲ್ಲಿ, ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಪ್ಯಾರಿಸ್ಸಿನಲ್ಲಿ ಇನ್‌ಫ್ಲುಯೆಂಜಾದ ಹೊಡೆತಕ್ಕೆ ಸಿಕ್ಕಿ ತೀರಿಹೋದ. ಇನ್ನೂ ನಲವತ್ತು ತುಂಬಿರಲಿಲ್ಲ. ಅವನ ಉಯಿಲಿನಲ್ಲಿ ಹೆಂಡತಿಗೊಂದು ಕೋರಿಕೆಯಿತ್ತು: ತಾನು ಓದಿದ ಕಾರ್ನೆಲ್‌ನಲ್ಲಿ ವಿದ್ಯಾರ್ಥಿಗಳ ಬದುಕು ಇನ್ನಷ್ಟು ಮಾನವೀಯವಾಗುವಂತೆ ಏನಾದರೂ ಮಾಡಬೇಕು. ಏನು ಮಾಡಬೇಕೆಂದು ಹೇಳಿರಲಿಲ್ಲ. ಕಟ್ಟಡವೆಂದಾಗಲಿ, ತನ್ನ ಹೆಸರಿಡಬೇಕೆಂದಾಗಲಿ ಅಲ್ಲ. ವಸತಿ, ಗೆಳೆತನ, ಊಟ ಇವಾವುವೂ ಸುಲಭವಾಗಿ ಸಿಗದ ಹುಡುಗನಿಗೆ ವಿಶ್ವವಿದ್ಯಾಲಯ ಎಷ್ಟು ನಿರ್ದಯವಾದ ಸ್ಥಳವಾಗಬಲ್ಲುದೆಂಬುದನ್ನು ಆ ಅನಾಥ ಬಲ್ಲವನಾಗಿದ್ದನೆಂದು ನನ್ನ ಊಹೆ.

ಆಕೆಗೂ ದಾರಿ ತೋರಲಿಲ್ಲ. ಅಷ್ಟರಲ್ಲಿ 1920ರಲ್ಲಿ ಕಾರ್ನೆಲ್‌ನ ಒಬ್ಬ ಇಂಗ್ಲಿಷ್ ವಿದ್ಯಾರ್ಥಿ ಆಕೆಯನ್ನು ಕಾಣಲು ಬಂದ. ಕೃಷಿಶಾಸ್ತ್ರ ಓದುತ್ತಿದ್ದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್. ವಿದೇಶಿ ವಿದ್ಯಾರ್ಥಿಗಳು ಕೂಡುತ್ತಿದ್ದ ಕ್ಲಬ್ಬಿನ ಅಧ್ಯಕ್ಷ. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ನೆರವು ಯಾಚಿಸಲು ಬಂದಿದ್ದ. ಯಾಚಕನ ಮಾತಿನಿಂದ ಡೊರೊಥಿಗೆ ಗಂಡನ ಉಯಿಲಿನ ಅರ್ಥ ಹೊಳೆಯತೊಡಗಿತು. ಆಕೆ ಕಾರ್ನೆಲ್‌ಗೆ ಹೋಗಿ ನೋಡಿದಳು. ಊಟದ ಮನೆ, ಗ್ರಂಥಾಲಯ, ನಾಟಕಶಾಲೆ, ಬೆಂಕಿ ಕಾಯಿಸಿಕೊಳ್ಳುವ ಹಜಾರ, ಮೇಲಂತಸ್ತಿನಲ್ಲಿ ಅತಿಥಿಗಳಿಗೆ ಕೊಠಡಿ, ಇವೆಲ್ಲ ಇದ್ದ ವಿಲ್ಲರ್ಡ್ ಸ್ಟ್ರೇಟ್ ಹಾಲ್ 1925ರ ಕೊನೆಯಲ್ಲಿ ತೆರೆಯಿತು. ಹುಡುಗರ ಬಾಯಲ್ಲಿ ಅದು ಬರೀ ‘ಸ್ಟ್ರೇಟ್’ ಆಯಿತು.

ಈ ನಡುವೆ ಎಲ್ಮ್‌ಹರ್ಸ್ಟ್ ಠಾಕೂರರ ಕರೆಗೆ ಓಗೊಟ್ಟು ಬಂಗಾಳಕ್ಕೆ ಬಂದಿದ್ದ. 1922ರ ಫೆಬ್ರುವರಿಯಲ್ಲಿ ಶಾಂತಿನಿಕೇತನದ ಪಕ್ಕದ ಸುರುಲ್‌ನಲ್ಲಿ ಗ್ರಾಮ ಪುನರುಜ್ಜೀವನದ ಕೇಂದ್ರ ಶುರುವಾಯಿತು; ಮುಂದೆ ಅದೇ ಶ್ರೀನಿಕೇತನವೆಂದು ಹೆಸರಾಯಿತು. ಅದಕ್ಕೆ ಹಣ ಬಂದದ್ದು ಡೊರೊಥಿಯಿಂದ. ಅಮೆರಿಕದ ವಿದ್ಯಾರ್ಥಿಗಳಿಗೆ ಹಜಾರ ಕಟ್ಟಿಸಿದ ಥೈಲಿಯೇ ಬೀರ್‌ಭೂಮ್ ಜಿಲ್ಲೆಯ ರೈತರ ಮಲೇರಿಯಾ, ಸಾಲ, ಬರಡು ಭೂಮಿಗಳ ಕಡೆಗೂ ತೆರೆದುಕೊಂಡಿತ್ತು. 1925ರಲ್ಲಿ ಡೊರೊಥಿ ಮತ್ತು ಎಲ್ಮ್‌ಹರ್ಸ್ಟ್ ಮದುವೆಯಾದರು. ಅದು ಬೇರೆಯೇ ಕಥೆ.

ನನಗೆ ಮುಖ್ಯವಾದದ್ದು ಆ ಕಟ್ಟಡಕ್ಕೆ ನಂತರ ಒದಗಿದ ಪರೀಕ್ಷೆ. 1969ರ ಏಪ್ರಿಲ್ 19ರ ಬೆಳಗಿನ ಜಾವ, ಕಾರ್ನೆಲ್‌ನ ಕರಿಯ ವಿದ್ಯಾರ್ಥಿಗಳು ಸ್ಟ್ರೇಟ್ ಹಾಲನ್ನು ವಶಪಡಿಸಿಕೊಂಡರು. ಹಿಂದಿನ ರಾತ್ರಿ ಕರಿಯ ವಿದ್ಯಾರ್ಥಿನಿಯರ ವಸತಿಗೃಹದ ಮುಂದೆ ಯಾರೋ ಶಿಲುಬೆಗೆ ಬೆಂಕಿ ಹಚ್ಚಿದ್ದರು. ಅದು ಪೋಷಕರು ಮಕ್ಕಳನ್ನು ನೋಡಲು ಬರುವ ವಾರಾಂತ್ಯ; ಮೇಲಂತಸ್ತಿನ ಅತಿಥಿ ಕೊಠಡಿಗಳಲ್ಲಿ ಮಲಗಿದ್ದ ಪೋಷಕರನ್ನು ಎಬ್ಬಿಸಿ ಹೊರಗೆ ಕಳಿಸಲಾಯಿತು. ಬಿಳಿಯ ವಿದ್ಯಾರ್ಥಿಗಳ ಗುಂಪೊಂದು ಒಳನುಗ್ಗಲು ನೋಡಿತು. ಅದರ ಬಳಿಕ ಒಳಗಿದ್ದವರು ಬಂದೂಕು ತರಿಸಿಕೊಂಡರು. ಮರುದಿನ ಒಪ್ಪಂದವಾಗಿ ಅವರು ಹೊರಬಂದರು; ಯಾರ ಪ್ರಾಣವೂ ಹೋಗಲಿಲ್ಲ. ಬಂದೂಕು ಹಿಡಿದು ಮೆಟ್ಟಿಲಿಳಿಯುತ್ತಿರುವ ಆ ಹುಡುಗರ ಛಾಯಾಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಕರಿಯರ ಚರಿತ್ರೆ, ಸಂಸ್ಕೃತಿಗಳ ಅಧ್ಯಯನ ಕೇಂದ್ರ ಅದೇ ವರ್ಷ ಅಲ್ಲಿ ಆರಂಭವಾಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರು ಹುದ್ದೆ ಬಿಟ್ಟರು.

ಬಂದೂಕನ್ನು ನಾನು ಸಮರ್ಥಿಸುವವನಲ್ಲ. ಮೂವತ್ತೈದು ವರ್ಷ ಸರ್ಕಾರದ ಕೆಲಸ ಮಾಡಿದವನಿಗೆ ಅದು ಸಾಧ್ಯವೂ ಅಲ್ಲ. ಆದರೆ ಒಂದು ಪ್ರಶ್ನೆ ಬಿಡದೆ ಹಿಂಬಾಲಿಸುತ್ತದೆ. ಆ ಹುಡುಗರು ಆಡಳಿತ ಕಚೇರಿಯನ್ನು ಬಿಟ್ಟು ಆ ಹಜಾರವನ್ನೇ ಏಕೆ ಆರಿಸಿಕೊಂಡರು? ಕ್ಯಾಂಪಸ್ಸಿನ ದಿನನಿತ್ಯದ ಜೀವ ಅಲ್ಲಿ ಮಿಡಿಯುತ್ತಿತ್ತು. ಅದು ಮುಚ್ಚಿದರೆ ಎಲ್ಲರಿಗೂ ತಟ್ಟುತ್ತಿತ್ತು. ಬೀಗ ಹಾಕಿದ ಭವನವನ್ನು ಯಾರೂ ವಶಪಡಿಸಿಕೊಳ್ಳುವುದಿಲ್ಲ. ನಮ್ಮ ಕ್ಯಾಂಪಸ್ಸಿನ ಉತ್ತರಪತ್ರಿಕೆಗಳ ಮೂಟೆಯ ಕಟ್ಟಡದ ಮುಂದೆ ಧರಣಿ ಕೂತವರನ್ನು ನಾನು ಕಂಡಿಲ್ಲ.

ವಿದ್ಯೆಗೆ ದಾನ ಕೊಡುವುದು ನಮಗೆ ಪಾಶ್ಚಾತ್ಯರು ಕಲಿಸಿದ್ದಲ್ಲ. ವಾರಾನ್ನ ಉಂಡು ಓದಿದವರು ನನ್ನ ತಂದೆಯ ತಲೆಮಾರಿನಲ್ಲಿ ಎಲ್ಲ ಊರಲ್ಲೂ ಇದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅಲ್ಲಿ ಫಲಕವಿರಲಿಲ್ಲ. (ಎಲ್ಲ ಜಾತಿಯ ಹುಡುಗರಿಗೂ ಎಲ್ಲ ಮನೆಯ ಬಾಗಿಲು ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕಾಗಿಯೇ ಒಂದೊಂದು ಸಮುದಾಯವೂ ತನ್ನ ವಿದ್ಯಾರ್ಥಿನಿಲಯ ಕಟ್ಟಬೇಕಾಯಿತು.) ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಉಯಿಲು ಬರೆದಿದ್ದರು. ಗಮನಿಸಿ, ಅವರು ಬಿಟ್ಟುಹೋದದ್ದು ಉತ್ಪನ್ನ ಬರುವ ಭೂಮಿಯನ್ನು. ಅದರಿಂದ ವಿದ್ಯಾರ್ಥಿವೇತನ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಜಮ್‌ಶೇಟ್‌ಜಿ ಟಾಟಾ ಮೀಸಲಿಟ್ಟದ್ದೂ ಬಾಡಿಗೆ ತರುವ ಮುಂಬಯಿಯ ಆಸ್ತಿಗಳನ್ನೇ. ಮೈಸೂರು ಸಂಸ್ಥಾನ ಕೊಟ್ಟದ್ದು 371 ಎಕರೆ ಭೂಮಿಯ ಜೊತೆಗೆ ವರ್ಷವರ್ಷದ ಅನುದಾನ. ಇವರಿಗೆಲ್ಲ ಕಟ್ಟುವುದರ ಜೊತೆಗೆ ನಡೆಸುವುದೂ ಗೊತ್ತಿತ್ತು.

ಇವತ್ತಿಗೂ ಕೊಡುವ ಕೈಗಳೇನೂ ಕಡಿಮೆಯಾಗಿಲ್ಲ. ನಂದನ್ ನಿಲೇಕಣಿಯವರು ತಾವು 1973ರಲ್ಲಿ ಸೇರಿದ್ದ ಮುಂಬಯಿ ಐಐಟಿಗೆ 2023ರಲ್ಲಿ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮುಂಚೆ 85 ಕೋಟಿ ಕೊಟ್ಟಿದ್ದರು. ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 2022ರಲ್ಲಿ 425 ಕೋಟಿ ಘೋಷಿಸಿದರು. ಸಂತೋಷದ ವಿಷಯ. ಆದರೆ ಈ ಹೊಳೆ ಹರಿಯುವುದು ಈಗಾಗಲೇ ತುಂಬಿದ ಕೆರೆಗಳ ಕಡೆಗೆ. ಈ ಪತ್ರಿಕೆಯನ್ನು ಓದುವ ಬಹುಪಾಲು ಮಂದಿ, ನನ್ನನ್ನೂ ಸೇರಿಸಿ, ಓದಿದ್ದು ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಖಾಲಿ ಹುದ್ದೆಗಳು, ಪಿಂಚಣಿಯ ಹೊರೆ. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದ್ದನ್ನು ಓದುಗರು ಮರೆತಿರಲಾರರು. ಇಂಥ ಸಂಸ್ಥೆಯ ಹೆಗಲಿಗೆ ಅಂದಾಜುಪಟ್ಟಿಯ ಒಂದು ಪದದ ಮೂಲಕ ಇನ್ನೊಂದು ಹೊರೆ ಹೊರಿಸಿ, ಅದನ್ನು ಕೊಡುಗೆಯೆಂದು ಕರೆಯುವುದು ಹೇಗೆ? ನ್ಯಾಕ್ ಸಂಸ್ಥೆ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕವಿಟ್ಟ ಮೇಲೆ ಸಂಘಗಳು ನೋಂದಣಿಯಾದ ಭರಾಟೆಯನ್ನು ನೋಡಿದವರಿಗೆ, ಭವನವೂ ಕಡತಕ್ಕೊಂದು ಛಾಯಾಚಿತ್ರವಾಗಿಬಿಡುವ ಭಯವಿರುತ್ತದೆ.

ಸಮಿತಿಯ ಮೊದಲ ಸಭೆಗೆ ನಾನೊಂದು ಹಾಳೆ ಬರೆದುಕೊಂಡು ಹೋದೆ. ಲೆಕ್ಕ ಸರಳವಾದದ್ದು. ನಾಲ್ಕು ಕೋಟಿಯ ಕಟ್ಟಡದ ವಿದ್ಯುತ್ತು, ನೀರು, ಶುಚಿ, ಕಾವಲು, ದುರಸ್ತಿಗೆ ವರ್ಷಕ್ಕೆ ಶೇ 4ರಷ್ಟು ಹಿಡಿದರೂ 16 ಲಕ್ಷ ಬೇಕು. ಬ್ಯಾಂಕಿನ ಬಡ್ಡಿ ಶೇ 7 ಎಂದುಕೊಂಡರೆ ಅಷ್ಟು ಹುಟ್ಟಲು ಸುಮಾರು 2.3 ಕೋಟಿಯ ಮೂಲನಿಧಿ ಇರಬೇಕು. ಬೆಲೆಯೇರಿಕೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಸಂಗ್ರಹವಾಗುವುದೇ ನಾಲ್ಕು ಕೋಟಿಯಾದರೆ ಎರಡೂವರೆ ಕೋಟಿಯ ಕಟ್ಟಡ ಕಟ್ಟಿ, ಉಳಿದದ್ದನ್ನು ದತ್ತಿನಿಧಿಯಾಗಿ ಇಡೋಣ. ತಂಗುವ ಕೊಠಡಿಗಳನ್ನು ಹನ್ನೆರಡರಿಂದ ಐದಕ್ಕೆ ಇಳಿಸೋಣ. ನೆಲಅಂತಸ್ತನ್ನು ಇಂದಿನ ವಿದ್ಯಾರ್ಥಿಗಳಿಗೆ ಬಿಡೋಣ. ಆಡಳಿತ ಸಮಿತಿಯಲ್ಲಿ ಅವರಲ್ಲಿ ಇಬ್ಬರಿರಲಿ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಸಹಪಾಠಿಯೊಬ್ಬ ಬಾಯಿ ತೆರೆದ. ಕಷ್ಟಪಟ್ಟು ಉದ್ಯಮ ಕಟ್ಟಿದವನು. ಎಲ್ಲರಿಗಿಂತ ಹೆಚ್ಚು ಹಣ ಕೊಡುತ್ತಿರುವವನೂ ಅವನೇ. “ಅಲ್ಲ ಮಾರಾಯ, ನಾವು ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಒಟ್ಟಿಗೆ ಇರೋಣ ಅಂತ ಕಟ್ಟೋದು ಇದು. ನಮ್ಮ ದುಡ್ಡಲ್ಲಿ ನಮಗೇ ಜಾಗ ಇಲ್ಲವೇ?” ಅವನ ಮಾತಿನಲ್ಲಿ ದರ್ಪವಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಹಾಸ್ಟೆಲ್ ಸಿಗದೆ ಎರಡು ವರ್ಷ ಪರಿಚಯದವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಲಗಿದವನು ಅವನು. ಆ ಕ್ಯಾಂಪಸ್ಸಿನಲ್ಲಿ ತನ್ನದೆಂಬ ಒಂದು ಕೊಠಡಿ ಬೇಕೆಂಬ ಆಸೆ ಅವನಿಗೆ ನಲವತ್ತು ವರ್ಷ ಹಳೆಯದು. ಉತ್ತರ ಕೊಡಲು ನನಗೆ ನಾಲಿಗೆ ಬರಲಿಲ್ಲ.

ಉಪಕುಲಸಚಿವರು ಇಬ್ಬರು ಈಗಿನ ವಿದ್ಯಾರ್ಥಿಗಳನ್ನು ಸಭೆಗೆ ಕರೆಸಿದ್ದರು. ಹುಡುಗ ವಂದನೆ ಸಲ್ಲಿಸಿ ಕುಳಿತ. ಹುಡುಗಿ ಎದ್ದು ನಿಂತು, ತಡವರಿಸಿಕೊಂಡೇ ಹೇಳಿದಳು: “ಸರ್, ನಮ್ಮೂರಿನ ಬಸ್ಸು ಬೆಳಿಗ್ಗೆ ಎಂಟಕ್ಕೆ ಇಲ್ಲಿ ಇಳಿಸುತ್ತದೆ. ತರಗತಿ ಹತ್ತೂವರೆಗೆ. ಮಧ್ಯಾಹ್ನ ಮುಗಿದರೆ ಸಂಜೆ ಆರರ ತನಕ ಬಸ್ಸಿಲ್ಲ. ಗ್ರಂಥಾಲಯದಲ್ಲಿ ಡಬ್ಬಿ ತೆರೆಯೋ ಹಾಗಿಲ್ಲ. ಮಳೆ ಬಂದರೆ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಊಟ ಮಾಡುತ್ತೇವೆ. ನೀರು ಬರೋ ಒಂದು ಶೌಚಾಲಯ, ಕೂರೋಕೆ ಒಂದು ಜಾಗ ಇದ್ದರೆ ಸಾಕು.”

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅದರ ಹೊರೆಯ ಬಗ್ಗೆ ಗೆಳೆಯರೊಡನೆ ದೀರ್ಘವಾಗಿ ವಾದಿಸಿದವನು ನಾನು. ಆ ಹುಡುಗಿಯ ಹಳ್ಳಿ ಐವತ್ತು ಕಿಲೋಮೀಟರ್ ದೂರದಲ್ಲಿದೆ. ಟಿಕೆಟ್ಟಿಗೆ ಹಣ ಕೊಡಬೇಕಾಗಿದ್ದರೆ ಎಂ.ಎ.ಗೆ ಸೇರುತ್ತಿರಲಿಲ್ಲವೆಂದು ಆಮೇಲೆ ಚಹಾ ಕುಡಿಯುವಾಗ ತಿಳಿಯಿತು. ಬಸ್ಸು ಅವಳನ್ನು ಬಾಗಿಲ ತನಕ ತಂದು ಬಿಟ್ಟಿದೆ. ಒಳಗೆ ಎಂಟರಿಂದ ಆರರವರೆಗಿನ ಹತ್ತು ಗಂಟೆ ಅವಳದೇ ಹೊಣೆ. ನನ್ನ ಸಹಪಾಠಿ ಅವಳಿಗೆ ಎರಡು ಪ್ರಶ್ನೆ ಕೇಳಿದ. ಯಾವ ಊರು, ಮನೆಯಲ್ಲಿ ಯಾರು ಓದಿದ್ದಾರೆ. ಆಮೇಲೆ ಸುಮ್ಮನಾದ.

ಸಭೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಿಲ್ಲ. ನಕ್ಷೆಯನ್ನು ವಾಸ್ತುಶಿಲ್ಪಿಗೆ ಹಿಂದಿರುಗಿಸಲಾಯಿತು. ಕೆಲವರು ನನ್ನನ್ನು, ಹಣಕಾಸು ಇಲಾಖೆಯ ಬುದ್ಧಿ ನಿವೃತ್ತಿಯಾದ ಮೇಲೂ ಬಿಡಲಿಲ್ಲ ಎಂದು ಕೊಂಕು ನುಡಿದರೆಂದು ಕೇಳಿದೆ. ಇರಬಹುದು. ಇಬ್ಬರು ದಾನಿಗಳು ಹೆಸರಿನ ಫಲಕ ಇರದಿದ್ದರೆ ಯೋಚಿಸಬೇಕಾಗುತ್ತದೆ ಎಂದಿದ್ದಾರೆ. ಅವರನ್ನು ದೂರುವುದೂ ಕಷ್ಟ, ವಿಲ್ಲರ್ಡ್ ಸ್ಟ್ರೇಟ್‌ನ ಹೆಸರೂ ಕೊನೆಗೆ ಗೋಡೆಯ ಮೇಲೇ ಉಳಿದದ್ದು.

ಒಂದು ವಾರದ ಬಳಿಕ ರಾತ್ರಿ ಒಂಬತ್ತೂವರೆಗೆ ಸಹಪಾಠಿಯ ದೂರವಾಣಿ ಬಂತು. ಕುಶಲ ವಿಚಾರಿಸಿ, ಮೊಮ್ಮಕ್ಕಳ ಮಾತಾಡಿ, ಕೊನೆಯಲ್ಲಿ ಕೇಳಿದ: “ಆ ನೆಲಅಂತಸ್ತಿಗೆ ಒಬ್ಬ ಕಾವಲುಗಾರ, ಇಬ್ಬರು ಶುಚಿಯವರು ಅಂದರೆ ತಿಂಗಳಿಗೆ ಎಷ್ಟಾಗುತ್ತದೆ? ಬರೀ ಅಷ್ಟರದ್ದು ಲೆಕ್ಕ ಹಾಕಿ ಕಳಿಸು.” ಮರುದಿನ ಬೆಳಿಗ್ಗೆಯೇ ಕಳಿಸಿದೆ. ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ.